ಹಟ್ಟಿಯ ಪಾತಾಳದ ಚಿನ್ನ

ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಆಧುನಿಕ ಗಣಿಗಾರರು ನೆಲದೊಳಕ್ಕೆ ಇಳಿದಾಗ, ಅವರಿಗಿಂತ ಮೊದಲೇ ಯಾರೋ ಅಲ್ಲಿಗೆ ಹೋಗಿ ಬಂದಿದ್ದರು. ಸುಮಾರು 640 ಅಡಿ ಆಳದವರೆಗೂ ಹಳೆಯ ಅಗೆತದ ಗುರುತುಗಳು ಸಿಕ್ಕವು. ಗಣಿಯೊಳಗೆ ದೊರೆತ ಮರದ ತುಂಡುಗಳನ್ನು ಇಂಗಾಲ ಪರೀಕ್ಷೆಗೆ ಒಳಪಡಿಸಿದಾಗ ಅವು ಎರಡು ಸಾವಿರ ವರ್ಷಗಳಷ್ಟು ಹಳೆಯವೆಂದು ತಿಳಿಯಿತು. ಪಂಪು, ಸಿಡಿಮದ್ದು, ವಿದ್ಯುತ್ ದೀಪ ಯಾವುದೂ ಇಲ್ಲದ ಕಾಲ ಅದು.

ಬಂಡೆಗೆ ಸೌದೆ ಒಟ್ಟಿ ಬೆಂಕಿ ಹಾಕುವುದು, ಕಾದ ಕಲ್ಲಿಗೆ ನೀರೆರಚುವುದು, ಬಿರುಕು ಬಿಟ್ಟದ್ದನ್ನು ಉಳಿ ಸುತ್ತಿಗೆಗಳಿಂದ ಕೀಳುವುದು ಪ್ರಾಚೀನರ ವಿಧಾನ. ಇಕ್ಕಟ್ಟಿನ ಸುರಂಗದಿಂದ ಹೊಗೆ ಹೇಗೆ ಹೊರಹೋಗುತ್ತಿತ್ತು, ತಳದಲ್ಲಿ ಒಸರುವ ನೀರನ್ನು ಎಷ್ಟು ಕೈಗಳು ಮೇಲಕ್ಕೆ ಸಾಗಿಸುತ್ತಿದ್ದವು ಎಂದು ಊಹಿಸಿದರೆ ಚಿನ್ನದ ಬೆಲೆ ಬೇರೆಯದೇ ಆಗಿ ಕಾಣುತ್ತದೆ. ಆ ಕೈಗಳು ಯಾರವೆಂದು ಯಾವ ಶಾಸನವೂ ಹೇಳುವುದಿಲ್ಲ. ಮೇಲೆ ತಂದ ಅದಿರನ್ನು ಬಂಡೆಯ ಮೇಲೆ ಗುಂಡುಕಲ್ಲಿನಿಂದ ಕುಟ್ಟಿ, ಅರೆದು, ನೀರಿನಲ್ಲಿ ತೊಳೆದರೆ ಮಣ್ಣು ಹರಿದುಹೋಗಿ ಭಾರವಾದ ಚಿನ್ನ ಉಳಿಯುತ್ತಿತ್ತು. ಹಾಗೆ ಕುಟ್ಟಿ ಕುಟ್ಟಿ ಬಂಡೆಗಳಲ್ಲಿ ಬಿದ್ದ ಒರಳಿನಂಥ ಗುಳಿಗಳೇ ಈ ಸೀಮೆಯ ಚಿನ್ನದ ಕಸುಬಿಗೆ ಹಳೆಯ ಸಾಕ್ಷಿ.

ನಿಜಾಮರ ಆಳ್ವಿಕೆಯಲ್ಲಿ, ಕಳೆದ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪೆನಿಯೊಂದು ನಡೆಸಿದ ಗಣಿ 1920ರಲ್ಲಿ ನಿಂತಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪೆನಿ ಹುಟ್ಟಿ ಕೆಲಸ ಮತ್ತೆ ಶುರುವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗಣಿ ಮೈಸೂರು ರಾಜ್ಯಕ್ಕೆ ಸೇರಿ, ಕಂಪೆನಿಯೂ ಹಟ್ಟಿಯ ಹೆಸರು ಪಡೆಯಿತು. ಇಂದು ಮಲ್ಲಪ್ಪ ಶಾಫ್ಟ್ ಮೊದಲಾದ ಗಣಿಬಾವಿಗಳ ಮೇಲಿನ ಗೋಪುರಗಳೇ ಊರಿನ ಗುರುತು.

ಹಟ್ಟಿಯ ದಕ್ಷಿಣಕ್ಕೆ, ಅದೇ ಶಿಲಾಪಟ್ಟಿಯಲ್ಲಿ ಮಸ್ಕಿ ಇದೆ. 1915ರಲ್ಲಿ ಅಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಂಡೆಯ ಮೇಲೆ ಬ್ರಾಹ್ಮೀ ಅಕ್ಷರಗಳು ಬಿದ್ದವು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಷ್ಟೇ ಇತ್ತು; ಅದು ಅಶೋಕನದೇ ಎಂದು ಹೆಸರು ಹಿಡಿದು ಹೇಳಿದ ಮೊದಲ ಶಾಸನ ಮಸ್ಕಿಯದು. ಚಿನ್ನದ ಹುಡುಕಾಟಕ್ಕೆ ಇದಕ್ಕಿಂತ ದೊಡ್ಡ ಫಲ ಬೇಕೆ! ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ ಬರುವ ಮೌರ್ಯರ ದಕ್ಷಿಣದ ಕೇಂದ್ರ ‘ಸುವರ್ಣಗಿರಿ’ ಮಸ್ಕಿಯೇ ಇರಬೇಕೆಂದು ಕೆಲವು ವಿದ್ವಾಂಸರು ವಾದಿಸಿದರೆ, ಇನ್ನು ಕೆಲವರು ಕೊಪ್ಪಳ ಜಿಲ್ಲೆಯ ಕನಕಗಿರಿಯತ್ತ ಬೆರಳು ತೋರಿಸುತ್ತಾರೆ. ಹೆಸರಿನಲ್ಲಂತೂ ಚಿನ್ನದ ವಾಸನೆ ಇದೆ.

2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದಾಗ ಒಂದು ದೊಡ್ಡ ಊರೇ ಕೆಲಸ ಕಳೆದುಕೊಂಡಿತು. ಹಟ್ಟಿಯಲ್ಲಿ ಕೆಲಸ ನಡೆದೇ ಇದೆ. ಟನ್ ಅದಿರಿಗೆ ದೊರೆಯುವುದು ಕೆಲವೇ ಗ್ರಾಂ ಚಿನ್ನ. ಉಳಿದದ್ದೆಲ್ಲ ಹಿಟ್ಟಿನಂಥ ಪುಡಿಯಾಗಿ, ಸಯನೈಡ್ ದ್ರಾವಣದಲ್ಲಿ ತೊಯ್ದು ರಾಶಿ ಬೀಳುತ್ತದೆ. ಅಕ್ಷರಗಳಿರುವ ಮಸ್ಕಿಯ ಬಂಡೆಗೆ ಪುರಾತತ್ವ ಇಲಾಖೆಯ ರಕ್ಷಣೆ ದೊರೆತಿದೆ. ಅಕ್ಷರಗಳಿಲ್ಲದ ಒರಳುಗುಳಿಗಳ ಬಂಡೆಯಾದರೋ, ಜಲ್ಲಿಗೆ ಕಲ್ಲು ಒಡೆಯುವವರ ಕಣ್ಣಿಗೆ ಇನ್ನೊಂದು ಬಂಡೆ ಮಾತ್ರ.