ಸಾಲಕ್ಕೆ ಒತ್ತೆಯಾದ ರಾಯಚೂರು

ಚೀನದ ಮಂಚು ಅರಸರ ಚರಿತ್ರೆಯನ್ನು ಓದುವ ವಿದ್ಯಾರ್ಥಿಗಳಿಗೆ ಸಹಜವಾಗಿ ಒಂದು ಪ್ರಶ್ನೆ ಹುಟ್ಟುತ್ತದೆ. ಅಷ್ಟು ವಿಸ್ತಾರವಾದ ಸಾಮ್ರಾಜ್ಯವು ಹಡಗೇರಿ ಬಂದ ವರ್ತಕರಿಗೆ ಹೇಗೆ ಮಣಿಯಿತು? ಯುದ್ಧದಲ್ಲಿ ಸೋತುದರಿಂದ ಎಂಬುದು ಅರ್ಧ ಉತ್ತರ ಮಾತ್ರ. ಉಳಿದರ್ಧವನ್ನು ಅರಿಯಲು ಚೀನಕ್ಕೆ ಹೋಗಬೇಕಾಗಿಲ್ಲ. ನಾವು ವಾಸಿಸುವ ಈ ಹೈದರಾಬಾದಿನ ಮತ್ತು ಕನ್ನಡನಾಡಿನ ರಾಯಚೂರಿನ ಚರಿತ್ರೆಯೇ ಸಾಕು.

ಮಂಚುಗಳು ೧೬೪೪ರಲ್ಲಿ ಪೀಕಿಂಗನ್ನು ಹಿಡಿದು ಚಿಂಗ್ ವಂಶದ ಆಳಿಕೆಯನ್ನು ಅಲ್ಲಿ ನೆಲೆಗೊಳಿಸಿದರು. ಅರಸರು ಮಂಚುಗಳು, ಪ್ರಜೆಗಳಲ್ಲಿ ಬಹುಪಾಲು ಹಾನ್ ಜನರು. ದಖ್ಖನ್ನಿನಲ್ಲಿ ೧೭೨೪ರಲ್ಲಿ ಅಸಫ್ ಜಾಹಿ ವಂಶವು ತಲೆಯೆತ್ತಿತು. ಇಲ್ಲಿಯೂ ಪ್ರಜೆಗಳ ನುಡಿ ತೆಲುಗು, ಮರಾಠಿ, ಕನ್ನಡ. ದರ್ಬಾರಿನ ನುಡಿ ಪಾರಸಿ.

೧೭೯೮ರಲ್ಲಿ ನಿಜಾಮರು ಈಸ್ಟ್ ಇಂಡಿಯಾ ಕಂಪನಿಯೊಡನೆ ಸಹಾಯಕ ಸೈನ್ಯದ ಒಡಂಬಡಿಕೆಯನ್ನು ಮಾಡಿಕೊಂಡರು. ಸೈನ್ಯ ಕಂಪನಿಯದು, ವೆಚ್ಚ ನಿಜಾಮರದು. ಆ ವೆಚ್ಚಕ್ಕೆಂದೇ ೧೮೦೦ರಲ್ಲಿ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟರು. ಬಳ್ಳಾರಿಯ ಕನ್ನಡಿಗರು ಮದರಾಸು ಆಧಿಪತ್ಯಕ್ಕೆ ಸೇರಿದ ಬಗೆ ಇದು. ಮಣಿಕೊಂಡದಿಂದ ಕೋಠಿಗೆ ಹೋದಾಗ, ಮಹಿಳಾ ವಿದ್ಯಾಪೀಠದ ಆವರಣದಲ್ಲಿರುವ ಹಳೆಯ ರೆಸಿಡೆನ್ಸಿಯ ಎತ್ತರದ ಕಂಬಗಳನ್ನು ಒಮ್ಮೆ ನೋಡಿರಿ. ಪರದೇಶದ ಪ್ರತಿನಿಧಿಯ ಮನೆ ಅರಮನೆಗೆ ಸಾಟಿಯಾಗಿ ನಿಂತಿದ್ದರ ಅರ್ಥ ತಾನಾಗಿಯೇ ಹೊಳೆಯುವುದು.

ಇಷ್ಟಕ್ಕೇ ಮುಗಿಯಲಿಲ್ಲ. ಯುದ್ಧಕಾಲದಲ್ಲಿ ನಿಜಾಮರು ತಮ್ಮ ದಂಡನ್ನು ನೆರವಿಗೆ ಕಳುಹಿಸಬೇಕೆಂದು ೧೮೦೦ರ ಕರಾರು ಹೇಳಿತ್ತು. ಅದರ ನೆಪದಲ್ಲಿ ಆಂಗ್ಲ ಅಧಿಕಾರಿಗಳ ಕೈಕೆಳಗೆ 'ಹೈದರಾಬಾದ್ ಕಂಟಿಂಜೆಂಟ್' ಎಂಬ ಇನ್ನೊಂದು ಸೈನ್ಯ ಬೆಳೆಯಿತು. ಯುದ್ಧ ಮುಗಿದರೂ ಅದು ಕರಗಲಿಲ್ಲ. ಸಂಬಳ ಬಾಕಿ ಬಿದ್ದಾಗ ಕಂಪನಿಯೇ ಹಣವನ್ನು ಕೊಟ್ಟು ನಿಜಾಮರ ಹೆಸರಿನಲ್ಲಿ ಸಾಲ ಬರೆದುಕೊಂಡಿತು. ಬೇಡದ ಕಾವಲುಗಾರನನ್ನು ಬಾಗಿಲಲ್ಲಿ ನಿಲ್ಲಿಸಿ, ಅವನ ಕೂಲಿಯನ್ನು ಮನೆಯೊಡೆಯನ ಲೆಕ್ಕಕ್ಕೆ ಹಚ್ಚಿದಂತೆ! ಕಡೆಗೆ ೧೮೫೩ರ ಮೇ ತಿಂಗಳಲ್ಲಿ ಡಾಲ್‌ಹೌಸಿಯ ಒತ್ತಾಯಕ್ಕೆ ಸಿಲುಕಿ ನಾಸಿರುದ್ದೌಲನು ಬೀರಾರು, ಧಾರಾಶಿವ ಮತ್ತು ಕೃಷ್ಣೆ-ತುಂಗಭದ್ರೆಗಳ ನಡುವಣ ರಾಯಚೂರು ದೋಆಬನ್ನು ಕಂಪನಿಯ ಆಡಳಿತಕ್ಕೆ ಒಪ್ಪಿಸಿದನು. ನೆಲ ನಿಜಾಮನದು, ಕಂದಾಯ ಎತ್ತುವವರು ಆಂಗ್ಲರು.

ಚೀನದಲ್ಲಿ ಅಫೀಮಿನಿಂದ ಮೊದಲಾಯಿತು. ೧೮೩೯ರಲ್ಲಿ ಲಿನ್ ಜೆಷು ಎಂಬ ಅಧಿಕಾರಿಯು ಇಪ್ಪತ್ತು ಸಾವಿರಕ್ಕೂ ಮಿಕ್ಕ ಅಫೀಮಿನ ಪೆಟ್ಟಿಗೆಗಳನ್ನು ನಾಶಮಾಡಿಸಿದನು. ಆ ಅಫೀಮು ಬೆಳೆದದ್ದು ನಮ್ಮ ದೇಶದಲ್ಲಿ ಎಂಬುದನ್ನು ಮರೆಯಬಾರದು. ಯುದ್ಧವಾಯಿತು, ಮದರಾಸಿನ ಸಿಪಾಯಿಗಳೂ ಆ ಯುದ್ಧಕ್ಕೆ ಹೋಗಿದ್ದರು. ೧೮೪೨ರ ನಾನ್‌ಕಿಂಗ್ ಕೌಲಿನಿಂದ ಹಾಂಗ್‌ಕಾಂಗ್ ಕೈಬಿಟ್ಟಿತು, ಐದು ರೇವುಗಳು ತೆರೆದವು, ಎರಡು ಕೋಟಿ ಹತ್ತು ಲಕ್ಷ ಡಾಲರು ದಂಡ ಬಿದ್ದಿತು. ೧೮೫೪ರಲ್ಲಿ, ಎಂದರೆ ರಾಯಚೂರು ಒತ್ತೆಯಾದ ಮರುವರ್ಷವೇ, ಶಾಂಘಾಯಿ ರೇವಿನ ಸುಂಕದ ಉಸ್ತುವಾರಿ ಪರದೇಶದವರ ಕೈ ಸೇರಿತು. ಅಲ್ಲಿಯೂ ಸಿಂಹಾಸನ ಅಲುಗಲಿಲ್ಲ, ಆದರೆ ಬೊಕ್ಕಸದ ಬೀಗದಕೈ ಅನ್ಯರದಾಯಿತು.

ನಮ್ಮ ಕಡೆ ೧೮೫೮ರಲ್ಲಿ ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕನು ಕಂಪನಿಯ ವಿರುದ್ಧ ಕತ್ತಿ ಹಿಡಿದು ಸೋತನು. ಬಾಲ್ಯದಲ್ಲಿ ಅವನನ್ನು 'ಅಪ್ಪಾ' ಎನ್ನುವಷ್ಟು ಸಲಿಗೆಯಿಂದ ಬೆಳೆಸಿದ ಮೆಡೋಸ್ ಟೇಲರನೇ ಸೆರೆಯಲ್ಲಿದ್ದ ಅವನನ್ನು ಕಾಣಬೇಕಾಗಿ ಬಂದಿತು. ಚೆಂಗಲ್‌ಪಟ್ಟಿನ ಸೆರೆಗೆ ಒಯ್ಯುವ ದಾರಿಯಲ್ಲಿ ಆ ತರುಣನು ಪಿಸ್ತೂಲಿನ ಗುಂಡಿಗೆ ಬಲಿಯಾದನು. ೧೮೬೦ರಲ್ಲಿ ಆಂಗ್ಲರು ಸುರಪುರವನ್ನು ನಿಜಾಮರಿಗೆ ಕೊಟ್ಟು, ರಾಯಚೂರು ಮತ್ತು ಧಾರಾಶಿವಗಳನ್ನು ಹಿಂದಿರುಗಿಸಿ, ಐವತ್ತು ಲಕ್ಷ ರೂಪಾಯಿಗಳ ಸಾಲವನ್ನು ತೊಡೆದುಹಾಕಿದರು. ೧೮೫೭ರಲ್ಲಿ ನಿಷ್ಠೆಯಿಂದ ಇದ್ದುದಕ್ಕೆ ಇದು ಬಹುಮಾನವಂತೆ! ಸುರಪುರದ ಪ್ರಜೆಗಳನ್ನು ಯಾರೂ ಕೇಳಲಿಲ್ಲ. ಅದೇ ವರ್ಷ ಪೀಕಿಂಗಿನ ಬೇಸಗೆಯರಮನೆಯನ್ನು ಆಂಗ್ಲ ಸೈನ್ಯವು ಸುಟ್ಟುಹಾಕಿತು.

ಬೀರಾರು ಮಾತ್ರ ಮರಳಿ ಬರಲಿಲ್ಲ. ೧೯೦೧ರಲ್ಲಿ ಚೀನದ ಮೇಲೆ ನಲವತ್ತೈದು ಕೋಟಿ ತೇಲುಗಳ ದಂಡವನ್ನು ಹೊರಿಸಿ, ಮೂವತ್ತೊಂಬತ್ತು ವರ್ಷಗಳ ಕಂತಿಗೆ ಸುಂಕದ ಮತ್ತು ಉಪ್ಪಿನ ಆದಾಯಗಳನ್ನು ಒತ್ತೆಯಾಗಿ ಹಿಡಿದರು. ಮರುವರ್ಷ ಕರ್ಜನ್ನನು ಬೀರಾರನ್ನು ವರ್ಷಕ್ಕೆ ಇಪ್ಪತ್ತೈದು ಲಕ್ಷ ರೂಪಾಯಿಗಳ ಶಾಶ್ವತ ಗುತ್ತಿಗೆಗೆ ಬರೆಯಿಸಿಕೊಂಡನು.