ಪುಟ್ಟ ಕೋಣೆಗೆ ಪುಟ್ಟ ಪೆಟ್ಟಿಗೆ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಓದಲೆಂದು ಚಿತ್ರದುರ್ಗಕ್ಕೆ ಬಂದು ಕೋಣೆ ಹಿಡಿಯುವ ಹುಡುಗರ ಸಾಮಾನು ಹೆಚ್ಚಿರುವುದಿಲ್ಲ. ಹಾಸಿಗೆ, ಬಕೆಟ್ಟು, ಟೇಬಲ್ ಫ್ಯಾನು, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ. ತಿಂಗಳು ಕಳೆಯುವಷ್ಟರಲ್ಲಿ ಊರಿಗೆ ಫೋನು ಬರುತ್ತದೆ: ‘ಅಪ್ಪಾಜಿ, ಹಾಡು ಕೇಳೋಕೆ ಒಂದು ಸೆಟ್ ಬೇಕಿತ್ತು.’

ಹೊಸದುರ್ಗದ ನಮ್ಮ ಮನೆಗೂ ಹಾಗೇ ಫೋನು ಬಂತು. ಹಜಾರದಲ್ಲಿ ಸೊಂಟದೆತ್ತರದ ಸ್ಪೀಕರುಗಳ ಹಳೆಯ ಸ್ಟೀರಿಯೋ ಇತ್ತಲ್ಲ, ಅದನ್ನೇ ಕೊಟ್ಟು ಕಳಿಸಿದೆ. ಹತ್ತಡಿಗೆ ಹತ್ತಡಿಯ ಆ ಕೋಣೆಯಲ್ಲಿ ತಬಲಾ ಯಾವುದು, ಕೆಳಗಿನ ಹಿಟ್ಟಿನ ಗಿರಣಿ ಯಾವುದು ತಿಳಿಯದಂತಾಯಿತು. ಎರಡನೇ ವಾರಕ್ಕೆ ಮನೆ ಯಜಮಾನರ ತಕರಾರು. ಪೆಟ್ಟಿಗೆಗಳು ಬಂದ ಬಸ್ಸಿನಲ್ಲೇ ಊರಿಗೆ ವಾಪಸಾದವು.

ದೋಷ ಪೆಟ್ಟಿಗೆಯದಲ್ಲ, ಗೋಡೆಯದು. ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ನಾಟಕ ನೋಡಿದ್ದೀರಾ? ಅಲ್ಲಿ ಆಕಾಶಕ್ಕೆ ಹೋದ ದನಿ ಹೋದದ್ದೇ. ಕೋಣೆಯಲ್ಲಿ ಹಾಗಲ್ಲ, ಗೋಡೆ ಅದನ್ನು ಹಿಂದಕ್ಕೆ ಎಸೆಯುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 1,130 ಅಡಿ. 56 ಹರ್ಟ್ಸ್ ಆಸುಪಾಸಿನ ತಗ್ಗು ಸ್ವರದ ಅಲೆ 20 ಅಡಿ ಉದ್ದ; ಅದರ ಅರ್ಧ ಹತ್ತಡಿ ಕೋಣೆಗೆ ಅಳತೆ ಮಾಡಿದಂತೆ ಕೂರುತ್ತದೆ. ಕೋಣೆ ಚೌಕವಾದರೆ ಎರಡೂ ದಿಕ್ಕಿನಲ್ಲಿ ಅದೇ ಸ್ವರ ಉಬ್ಬುತ್ತದೆ. ದೊಡ್ಡ ಸ್ಪೀಕರು ಆ ಸ್ವರವನ್ನು ಧಾರಾಳವಾಗಿ ಸುರಿಯುತ್ತದೆ. 4–5 ಅಂಗುಲದ್ದು ಅಷ್ಟು ತಗ್ಗಿಗೆ ಇಳಿಯುವ ಹೊತ್ತಿಗೆ ಸೋತಿರುತ್ತದೆ. ಆ ಸೋಲೇ ಇಲ್ಲಿ ಲಾಭ.

ಇನ್ನು ವಾಟ್. ಒಂದು ಕಾಲದಲ್ಲಿ ಡಬ್ಬಿಗಳ ಮೇಲೆ ‘1000 ವಾಟ್ ಪಿಎಂಪಿಓ’ ಎಂದು ಅಚ್ಚಾಗಿರುತ್ತಿತ್ತು. ಅದು ಬರೀ ಜಾಹೀರಾತಿನ ಲೆಕ್ಕ, ನೋಡಬೇಕಾದದ್ದು ಆರ್‌ಎಂಎಸ್. ವಾಟ್ ಇಮ್ಮಡಿಯಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಒಂದು ವಾಟ್‌ಗೆ, ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್ ಕೊಡುವ ಸ್ಪೀಕರು ಹತ್ತು ವಾಟ್‌ಗೆ 96 ಕೊಡುತ್ತದೆ. ಪುಟ್ಟ ಕೋಣೆಗೆ ಅದೇ ಗದ್ದಲ. ಕೆಲವು ನೂರು ರೂಪಾಯಿಗೆ ಸಿಗುವ ಕ್ಲಾಸ್–ಡಿ ಆಂಪ್ಲಿಫೈಯರ್ ಬೋರ್ಡು 12 ವೋಲ್ಟ್ ಅಡಾಪ್ಟರಿನಲ್ಲೇ 8 ಓಮ್ ಸ್ಪೀಕರಿಗೆ ಏಳೆಂಟು ವಾಟ್ ಕೊಟ್ಟೀತು. ಹುಡುಗರು ತಾವೇ ಜೋಡಿಸಬಹುದು, ಮನೆಯ 230 ವೋಲ್ಟ್ ಮುಟ್ಟುವ ಪ್ರಮೇಯವಿಲ್ಲ. ಕರೆಂಟು ಹೋದಾಗ 12 ವೋಲ್ಟಿನ ಬ್ಯಾಟರಿಯೂ ನಡೆದೀತು. ಹಾಡಿಗೆ ಮೊಬೈಲ್ ಇದ್ದೇ ಇದೆ.

ಉಳಿದ ದುಡ್ಡೆಲ್ಲ ಸ್ಪೀಕರಿಗೆ. ಸೆಕೆಂಡ್ ಹ್ಯಾಂಡ್ ಆದರೂ ಸರಿ, ಆದರೆ ಜಾಲರಿ ತೆಗೆದು ನೋಡಿ. ಕೋನಿನ ಸುತ್ತಲಿನ ಅಂಚು ಫೋಮಿನದಾದರೆ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ರಬ್ಬರು ಹೆಚ್ಚು ಬಾಳುತ್ತದೆ. ಬೆರಳುಗಳನ್ನು ಅಗಲಿಸಿ ಕೋನನ್ನು ಮೆಲ್ಲಗೆ ಒತ್ತಿ, ಕರಕರ ಎಂದರೆ ಒಳಗಿನ ಕಾಯಿಲ್ ಉಜ್ಜುತ್ತಿದೆ. ಕೈಬಿಡಿ. ನಾನು ಹೀಗೆ ನೋಡದೆ ತಂದ ಜೋಡಿಯೊಂದು ಅಟ್ಟದ ಮೇಲಿದೆ.

ಇಡುವ ಜಾಗಕ್ಕೆ ಕಾಸು ಬೇಕಿಲ್ಲ, ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ. ಮೂಲೆಗೆ ಒತ್ತಬೇಡಿ, ಮೂಲೆ ತಗ್ಗು ಸ್ವರವನ್ನು ಉಬ್ಬಿಸುತ್ತದೆ. ಎರಡು ಪೆಟ್ಟಿಗೆಗಳ ನಡುವೆ ನಾಲ್ಕೈದು ಅಡಿ, ನಿಮಗೂ ಅಷ್ಟೇ ದೂರ, ಟ್ವೀಟರು ಕಿವಿಯ ಮಟ್ಟಕ್ಕೆ. ಎದುರು ಗೋಡೆಗೆ ಕಂಬಳಿ ಇಳಿಬಿಟ್ಟರೆ ಕೀರಲು ದನಿ ತಗ್ಗುತ್ತದೆ, ಗುಂಯ್ ಎನ್ನುವುದು ತಗ್ಗದು. ಆಮೇಲೆ ಚಿತ್ರದುರ್ಗ ಆಕಾಶವಾಣಿಯ 102.6 ಹಾಕಿ ಮಾತು ಕೇಳಿ. ದನಿ ಎರಡು ಪೆಟ್ಟಿಗೆಗಳ ನಟ್ಟನಡುವಿನಿಂದ ಬಂದಂತಿರಬೇಕು. ತೆಳ್ಳಗೆ ಚದುರಿದಂತಿದ್ದರೆ ಒಂದು ಪೆಟ್ಟಿಗೆಯ ಪ್ಲಸ್–ಮೈನಸ್ ತಂತಿ ಅದಲುಬದಲಾಗಿದೆ.

‘ಇಯರ್‌ಫೋನ್ ಸಾಲದೇ?’ ಎನ್ನುವ ತಂದೆತಾಯಿಗಳೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿದರೆ ನಾಲ್ಕೇ ಗಂಟೆ. ಒಳಕಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಿವಿಯೊಳಗೆ ಎಷ್ಟು ಜೋರಿದೆಯೆಂದು ಊರಲ್ಲಿರುವ ನಮಗೆ ತಿಳಿಯುವುದಾದರೂ ಹೇಗೆ? ಸ್ಪೀಕರಿನದಾದರೆ ಪಕ್ಕದ ಮನೆಯವರೇ ತಿಳಿಸುತ್ತಾರೆ.

ನನ್ನ ಮಗನ ಕೋಣೆಯಿಂದ ಅಂಥ ಸುದ್ದಿ ಮತ್ತೆ ಬಂದಿಲ್ಲ. ಬದಲಿಗೆ ಬೆಳಗಿನ ವಾರ್ತೆಯ ಹೊತ್ತಿಗೆ ಮನೆ ಯಜಮಾನರೇ ಮೆಟ್ಟಿಲ ಬಳಿ ನಿಂತು, ‘ಸ್ವಲ್ಪ ಜೋರು ಮಾಡಪ್ಪಾ’ ಎನ್ನುತ್ತಾರಂತೆ.