ದೋಣಿಯ ಜೀರ್ಣೋದ್ಧಾರ

ಕೊಡುವುದಕ್ಕಿಂತ ಕೊಟ್ಟುದನ್ನು ಕಾಪಾಡುವುದು ಹಿರಿದೆಂಬ ಭಾವವು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಕಂಡುಬರುತ್ತದೆ. ಕೆರೆ ದೇಗುಲಗಳಿಗೆ ಸಲ್ಲುವ ಈ ಮಾತು ದೋಣಿಗೂ ಸಲ್ಲುತ್ತದೆ. ದೋಣಿ ನಡೆಸುವ ಕಾಯಕವನ್ನು ಶರಣ ಅಂಬಿಗರ ಚೌಡಯ್ಯನಂತಹವರು ಕೈಗೊಂಡ ನಾಡು ನಮ್ಮದು. ಹೊನ್ನಾವರ ತಾಲ್ಲೂಕಿನ ಹಳದೀಪುರದ ಆಸುಪಾಸಿನಲ್ಲಿ ಬಡಗಣಿ ಹೊಳೆಯೂ ಕಡಲೂ ಮೀನುಗಾರಿಕೆಗೆ ಆಶ್ರಯವಾಗಿವೆ. ಇಂತಹ ಊರುಗಳಲ್ಲಿ ಫೈಬರ್ ದೋಣಿಗಳು ಬಂದ ಮೇಲೆ ಮರದ ದೋಣಿಗಳು ಮೂಲೆಗುಂಪಾದವು. ತೆಂಗಿನ ಮರದ ಬುಡದಲ್ಲಿ ಬಿದ್ದಿರುವ ಅಂತಹ ದೋಣಿಯನ್ನು ಮನೆಯಂಗಳದಲ್ಲಿಯೇ ಮತ್ತೆ ನೀರಿಗಿಳಿಸುವಂತೆ ಮಾಡುವ ಕ್ರಮವು ತಿಳಿಯತಕ್ಕದ್ದಾಗಿದೆ.

ಈ ತೀರದ ದೋಣಿವಿದ್ಯೆ ಬಹು ಪುರಾತನವಾದುದು. 14ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಪ್ರವಾಸಿ ಇಬ್ನ್ ಬತೂತನು, ಹಲಗೆಗಳನ್ನು ಕಬ್ಬಿಣದ ಮೊಳೆಯಿಂದಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿದು ಹಡಗು ಕಟ್ಟುತ್ತಿದ್ದುದನ್ನು ವರ್ಣಿಸಿದ್ದಾನೆ. ಬಂಡೆಗೆ ತಾಗಿದಾಗ ಮೊಳೆಯ ಹಡಗು ಒಡೆಯುತ್ತದೆ, ಹೊಲಿದ ಹಡಗು ಬಾಗಿ ಉಳಿಯುತ್ತದೆ ಎಂಬುದು ಅದಕ್ಕೆ ಅವನು ಕೊಟ್ಟ ಕಾರಣ.

ದುರಸ್ತಿಗೆ ಮೊದಲು ಪರೀಕ್ಷೆ. ಬಹುಕಾಲ ಒಣಗಿದ ದೋಣಿಯು ಸೋರಿದ ಮಾತ್ರಕ್ಕೆ ಅದು ಕೆಟ್ಟಿದೆಯೆಂದು ತಿಳಿಯಲಾಗದು. ಒಣಗಿದ ಮರ ಕುಗ್ಗುತ್ತದೆ, ಸಂದು ಬಿಡುತ್ತದೆ. ನೀರು ಕುಡಿದಾಗ ಉಬ್ಬಿ ಸಂದು ಮುಚ್ಚುತ್ತದೆ. ಆದುದರಿಂದ ಮರದ ಕೊಡತಿಯಿಂದ ಹಲಗೆಹಲಗೆಯನ್ನೂ ತಟ್ಟಿ ನೋಡಬೇಕು. ಗಟ್ಟಿಮರ ಖಣಿಲೆನ್ನುತ್ತದೆ, ಕೊಳೆತದ್ದು ಮಂದವಾಗಿ ನುಡಿಯುತ್ತದೆ. ಸಂದೇಹವಿದ್ದಲ್ಲಿ ಚೂರಿಯ ತುದಿಯನ್ನು ಒತ್ತಿದರೆ ನಿಜ ತಿಳಿಯುತ್ತದೆ.

ಮರಕ್ಕೆ ಮುಖ್ಯವಾಗಿ ಮೂವರು ಶತ್ರುಗಳು. ಮೊದಲನೆಯದು ಮಳೆಯ ಸಿಹಿನೀರು. ಉಪ್ಪುನೀರು ಕೊಳೆಯುವಿಕೆಯನ್ನು ತಡೆಯುತ್ತದೆ. ದೋಣಿಯೊಳಗೆ ನಿಂತ ಮಳೆನೀರೋ ಬೂಷ್ಟನ್ನು ಬೆಳೆಸುತ್ತದೆ. ಎರಡನೆಯದು ಉಪ್ಪುನೀರಿನಲ್ಲಿ ಬಾಳುವ ಹಡಗುಹುಳು. ಹುಳುವೆಂದು ಹೆಸರಾದರೂ ಇದು ಚಿಪ್ಪುಜೀವಿಗಳ ಜಾತಿಗೆ ಸೇರಿದುದು. ಇದರ ಪ್ರವೇಶದ ರಂಧ್ರ ಸೂಜಿಮೊನೆಯಷ್ಟೇ ಇದ್ದು, ಒಳಗೆ ಕೊರೆದ ಸುರಂಗ ಬೆರಳಿನಷ್ಟು ದಪ್ಪವಾಗಿರಬಹುದು. ಮೂರನೆಯದು ತುಕ್ಕುಹಿಡಿದ ಕಬ್ಬಿಣದ ಮೊಳೆ. ಅದು ತನ್ನ ಸುತ್ತಲಿನ ಮರವನ್ನೂ ಮೆತ್ತಗೆ ಮಾಡುತ್ತದೆ.

ಬಳಿಕ ಕೆಲಸದ ಕ್ರಮ. ದೋಣಿಯನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಬಿರುಬಿಸಿಲಿಗೆ ಹಲಗೆ ಸೀಳುತ್ತದೆ. ಹಳೆಯ ಬಣ್ಣವನ್ನೂ ಅಂಟಿದ ಚಿಪ್ಪುಗಳನ್ನೂ ಹೆರೆದು ತೆಗೆಯಬೇಕು. ಕೊಳೆತ ಭಾಗವನ್ನು ಗಟ್ಟಿಮರ ಸಿಕ್ಕುವವರೆಗೂ ಕತ್ತರಿಸಿ, ಅದೇ ಜಾತಿಯ ಮರವನ್ನು, ಹೆಬ್ಬಲಸಿಗೆ ಹೆಬ್ಬಲಸನ್ನು, ಕೂಡಿಸುವುದು ಲೇಸು. ಏಕೆಂದರೆ ಎರಡೂ ಒಂದೇ ಪ್ರಮಾಣದಲ್ಲಿ ಉಬ್ಬಿ ಕುಗ್ಗುತ್ತವೆ. ತಾಮ್ರದ ಮೊಳೆ ಬಳಸಿದರೆ ತುಕ್ಕಿನ ಭಯವಿಲ್ಲ. ಸಂದುಗಳಿಗೆ ಹತ್ತಿಯನ್ನು ಹೊಸೆದು ತುಂಬಿ, ಎಣ್ಣೆಯಲ್ಲಿ ಕರಗಿಸಿದ ಧೂಪದ ಮರದ ರಾಳವನ್ನು ಮೇಲೆ ಬಳಿಯುವುದು ಹಳೆಯ ಪದ್ಧತಿ. ಹತ್ತಿಯನ್ನು ಅತಿಯಾಗಿ ಬಿಗಿದರೆ, ಮರ ಉಬ್ಬಿದಾಗ ಹಲಗೆಯೇ ಹೊರಕ್ಕೆ ತಳ್ಳಲ್ಪಡುತ್ತದೆ. ಕೊನೆಗೆ ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಹಚ್ಚಬೇಕು. ಗೇರೆಣ್ಣೆ ತಾಗಿದರೆ ಚರ್ಮದಲ್ಲಿ ಬೊಕ್ಕೆಗಳೇಳುವುದರಿಂದ ಕೈಗವಸು ಅವಶ್ಯಕ.

ಹಳೆಯ ಮರದ ಮೇಲೆ ಫೈಬರಿನ ಹೊದಿಕೆ ಹಾಕಿದರೆ ಎಲ್ಲವೂ ಸರಿಹೋಗುವುದೆಂಬ ನಂಬಿಕೆಯುಂಟು. ಒಳಗಿನ ತೇವ ಆರದೆ ಹೊದಿಸಿದರೆ, ಕೊಳೆತವು ಕಣ್ಣಿಗೆ ಮರೆಯಾಗಿ ಬೆಳೆಯುತ್ತದೆ. ಮುಚ್ಚಿದ ಹುಣ್ಣು ಮಾಗಿದ ಹುಣ್ಣಲ್ಲ.

ಸಿದ್ಧವಾದ ದೋಣಿಯನ್ನು ಒಮ್ಮೆಗೇ ನಡುಹೊಳೆಗೆ ಒಯ್ಯಬಾರದು. ದಂಡೆಯ ತೆಳುನೀರಿನಲ್ಲಿ ಕೆಲವು ದಿನ ಕಟ್ಟಿಟ್ಟು, ಮರ ನೀರು ಕುಡಿದು ಸೋರಿಕೆ ನಿಲ್ಲುವುದನ್ನು ಕಾಯಬೇಕು. ತಳದ ಬೆನ್ನುಮರವೇ ಬಹುಪಾಲು ಕೊಳೆತಿದ್ದರೆ ಆ ದೋಣಿಯನ್ನು ನೀರಿಗಿಳಿಸುವ ಆಸೆಯನ್ನು ಬಿಡತಕ್ಕದ್ದು. ಅದರಲ್ಲಿ ಕುಳಿತುಕೊಳ್ಳುವವರ ಪ್ರಾಣ ನಮ್ಮ ಮಮತೆಗಿಂತ ದೊಡ್ಡದು. ಆಗಲೂ ಅದು ನಿರುಪಯುಕ್ತವಲ್ಲ. ಅದರ ಅಳತೆ ಬಾಗುಗಳನ್ನು ಗುರುತಿಸಿಟ್ಟುಕೊಂಡರೆ ಮುಂದಿನ ಬಡಗಿಗೆ ಅದೇ ಮಾದರಿ. ಮರ ಅಳಿದರೂ ಹಿರಿಯರ ಕೈಲೆಕ್ಕ ಅಳಿಯದಂತೆ ನೋಡಿಕೊಳ್ಳುವುದೂ ಜೀರ್ಣೋದ್ಧಾರವೇ ಸರಿ.